ಹಳ್ಳ ಈಗ ಹರಿಯುವ ಕಡೆ

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯವರಿಗೆ,

ಮೊದಲು ನಿಮ್ಮ ಬೆನ್ನು ಹೇಗಿದೆ ಹೇಳಿ. ಹಡಗಿನ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಬೇಡಿ ಎಂದು ನಾನು ಪ್ರತಿ ಕಾಗದದಲ್ಲೂ ಬರೆಯುತ್ತೇನೆ, ನೀವು ಪ್ರತಿ ಕಾಗದದಲ್ಲೂ ಹೂಂಗುಟ್ಟುತ್ತೀರಿ. ಮುಲಾಮು ಮುಗಿದಿದ್ದರೆ ಮುಂದಿನ ಬಂದರಿನಲ್ಲಾದರೂ ಕೊಳ್ಳಿ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಮಾತಿಗೆ ಮಾತ್ರ ಯಾವ ನೋವೂ ಇಲ್ಲ.

ಈಗ ಸುದ್ದಿ, ಕೂತುಕೊಂಡು ಓದಿ. ನಮಗೆ ನಮ್ಮದೇ ಸಂಸತ್ ಕ್ಷೇತ್ರ ಆಯಿತು. ಇಷ್ಟು ವರ್ಷ ನಗರದ ಬಾಲಕ್ಕೆ ಕಟ್ಟಿದ ಡಬ್ಬದ ಹಾಗಿದ್ದ ನಮ್ಮ ಹಳ್ಳಿಗಳೆಲ್ಲ ಸೇರಿ ಇನ್ನು ತಾವೇ ಒಬ್ಬ ಸಂಸದರನ್ನು ಆರಿಸಿ ಕಳಿಸುತ್ತವೆ. ಒಂಬತ್ತು ವರ್ಷ, ರಜೆಗೆ ಬಂದಾಗಲೆಲ್ಲ, ಮನೆಯಲ್ಲಿ ಎರಡು ದಿನ ನೆಟ್ಟಗೆ ಕೂರದೆ ಬಾಗಿಲು ಬಾಗಿಲು ತಟ್ಟಿ ಮನವಿಗೆ ಸಹಿ ಹಾಕಿಸಿದಿರಲ್ಲ, ಆಗ ನಾನು ಎಷ್ಟು ಗೊಣಗಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಆದೇಶ ಬಂದ ದಿನ ಅತ್ತೆಯ ಮುಖ ಮೊರದಗಲ ಆಯಿತು. ಹಾಲಿನವನಿಂದ ಹಿಡಿದು ದಾರಿಹೋಕರವರೆಗೆ ಎಲ್ಲರನ್ನೂ ನಿಲ್ಲಿಸಿ "ಇದು ನನ್ನ ಮಗ ಮಾಡಿಸಿದ ಕ್ಷೇತ್ರ, ಮೊದಲನೇ ಓಟು ನಂದೇ" ಎನ್ನುತ್ತಿದ್ದಾರೆ.

ಆದರೆ ಇದೆಲ್ಲ ಸಲೀಸಾಗಿ ಆಗಲಿಲ್ಲ. ಕೆಲವು ತಿಂಗಳ ಹಿಂದೆ ಗಡಿ ಆಯೋಗದವರು ಕರಡು ನಕ್ಷೆ ತಂದು ಶಾಲೆಯ ಗೋಡೆಗೆ ಅಂಟಿಸಿದರು. ಹಳ್ಳದ ಪೂರ್ವಕ್ಕಿರುವುದೆಲ್ಲ ಹೊಸ ಕ್ಷೇತ್ರ, ಪಶ್ಚಿಮಕ್ಕಿರುವುದೆಲ್ಲ ನಗರದ ಕ್ಷೇತ್ರ. ನಾನು ಟಪಾಲು ಹಂಚಿ ಮುಗಿಸಿ, ಚೀಲ ಹೆಗಲಲ್ಲಿಟ್ಟುಕೊಂಡೇ ನೋಡಲು ಹೋದೆ. ನೋಡಿದರೆ ಕಲ್ಲುಗಣಿಯ ನಲವತ್ತು ಮನೆಗಳೂ ಪಶ್ಚಿಮದಲ್ಲಿವೆ. ಅವರ ನಕ್ಷೆ ಆ ದೊಡ್ಡ ನೆರೆಗಿಂತ ಹಳೆಯದು. ನೆರೆ ಬಂದ ವರ್ಷ ಹಳ್ಳ ತನ್ನ ದಾರಿ ಬಿಟ್ಟು ಗಣಿಯ ಪಶ್ಚಿಮಕ್ಕೆ ಸರಿದದ್ದು ನಮಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಆ ಹಳೆಯ ನಕ್ಷೆಯನ್ನು ನಂಬಿಯೇ ಗಣಿಯವರ ಮತಗಟ್ಟೆಯನ್ನು ಇಷ್ಟು ವರ್ಷವೂ ಹಳ್ಳದ ಆಚೆ ಇಟ್ಟಿದ್ದರು. ಅಲ್ಲಿ ಸೇತುವೆಯಿಲ್ಲ, ಸುತ್ತಿ ಹೋದರೆ ಹನ್ನೊಂದು ಕಿಲೋಮೀಟರ್. ಹೋದ ಸಲ ಆ ನಲವತ್ತು ಮನೆಗಳಿಂದ ಓಟು ಹಾಕಿದವರು ಆರೇ ಜನ. ಈಗ ಬಿಟ್ಟರೆ ಅವರ ಕಥೆ ಮುಗಿಯಿತು ಎಂದುಕೊಂಡೆ.

ಆಕ್ಷೇಪಣೆ ಕೇಳಲು ಸಭೆ ಕರೆದರು. ದರ್ಜಿ ಮಾವ ಕೊರಳಲ್ಲಿದ್ದ ಟೇಪನ್ನು ನಕ್ಷೆಯ ಮೇಲಿಟ್ಟು "ಮೈ ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದೀರಲ್ಲ ಸಾರ್" ಎಂದರು. ಸಭೆಯೆಲ್ಲ ನಕ್ಕಿತು, ಅಧಿಕಾರಿ ನಗಲಿಲ್ಲ. ದಾಖಲೆ ಏನಿದೆ ಎಂದು ಕೇಳಿದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅದು ಹೇಗೋ ಎದ್ದು ನಿಂತೆ. "ನಿಮ್ಮ ನಕ್ಷೆ ಪ್ರಕಾರ ನಾನು ದಿನಾ ನೀರಿನ ಮೇಲೆ ನಡ್ಕೊಂಡು ಹೋಗಿ ಗಣಿಗೆ ಕಾಗದ ಕೊಡ್ತೀನಿ ಸಾರ್. ನನ್ನ ಚಪ್ಪಲಿ ನೋಡಿ, ಬರೀ ಧೂಳು" ಎಂದೆ. ಅವರು ನಿಜವಾಗಿಯೂ ಬಗ್ಗಿ ಚಪ್ಪಲಿ ನೋಡಿದರು. ಆಮೇಲೆ ಕನ್ನಡಕ ತೆಗೆದು "ನಾಳೆ ಎಷ್ಟೊತ್ತಿಗೆ ಹೊರಡ್ತೀರಿ" ಎಂದು ಕೇಳಿದರು.

ಮರುದಿನ ನನ್ನ ಜೊತೆ ನಡೆದರು, ಮಿರಮಿರ ಮಿಂಚುವ ಬೂಟು ಹಾಕಿಕೊಂಡು. ನಕ್ಷೆಯಲ್ಲಿ ನೀರು ತೋರಿಸಿದ್ದ ಜಾಗದಲ್ಲಿ ಗಣಿಯವರು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಅಧಿಕಾರಿ ಅಲ್ಲೇ ನಿಂತು ತಲೆ ಕೆರೆದುಕೊಂಡರು. ಅಲ್ಲಿಂದ ಕೆಳಗಿನ ಸೇತುವೆ ದಾಟಿ ನಮ್ಮ ಮನೆಯ ತನಕ ಹಳ್ಳದ ಗುಂಟ ನಡೆಸಿದೆ. ಬೂಟಿನ ಅಟ್ಟೆ ಕಿತ್ತುಬಂತು, ಪಾಪ, ಅದನ್ನು ಕೈಯಲ್ಲಿ ಹಿಡಿದೇ ನಡೆದರು. ಈಗ ಬಂದ ಆದೇಶದಲ್ಲಿ ಗಡಿ ಎಂದರೆ "ಹಳ್ಳ ಈಗ ಹರಿಯುವ ಕಡೆ" ಎಂದು ಅಚ್ಚಾಗಿದೆ. ಅದು ಅಧಿಕಾರಿ ಬರೆದುಕೊಂಡ ಹೇಳಿಕೆಯಲ್ಲಿ ನನ್ನ ಬಾಯಿಂದ ಬಂದ ಮಾತು. ಗಣಿಗೆ ಸುದ್ದಿ ಒಯ್ದವಳೂ ನಾನೇ. ಕಲ್ಲೊಡೆಯುವ ಹೆಂಗಸೊಬ್ಬಳು ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಇನ್ನು ಅವರು ಓಟು ಹಾಕುವುದು ನಮ್ಮ ಶಾಲೆಯಲ್ಲೇ, ಕಾಲು ಗಂಟೆಯ ನಡಿಗೆ. ನನಗೆ ತುಂಬ ಹೆಮ್ಮೆಯಾಗಿದೆ, ನಿಮ್ಮ ಬಗ್ಗೆ. ಹೇಳಿಕೊಳ್ಳಬಾರದೇನೋ, ನನ್ನ ಬಗ್ಗೆಯೂ.

ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ. ಊರಿಗೆಲ್ಲ ಬಡಿಸಿ ನೀವು ಉಣ್ಣಲು ಮರೆಯುತ್ತೀರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ ನಿಮ್ಮವಳು,
ನೀವೇ ಹೆಸರಿಟ್ಟ ಕಾಗದದಮ್ಮ

ತಾ.ಕ.: ಒಂದು ವಿಷಯ ಮರೆತಿದ್ದೆ ಎಂದು ಬರೆಯಲು ಹೊರಟೆ, ಅದು ಸುಳ್ಳು. ಬೆಳಗಿನಿಂದ ಈ ಮಾತಿಗೇ ಪೆನ್ನು ಹಿಡಿದು ಕೂತಿದ್ದೇನೆ. ಗಣಿಯ ಹತ್ತಿರ ಪಶ್ಚಿಮಕ್ಕೆ ಸರಿದ ಹಳ್ಳ ಕೆಳಗೆ ನಮ್ಮ ಕಡೆ ಪೂರ್ವಕ್ಕೆ ಸರಿದಿದೆಯಲ್ಲ. ಹಳೆಯ ನಕ್ಷೆಯಲ್ಲಿ ಹಳ್ಳದ ಪೂರ್ವಕ್ಕಿದ್ದ ನಮ್ಮ ಮನೆಯೂ ಅಕ್ಕಪಕ್ಕದ ನಾಲ್ಕು ಮನೆಗಳೂ ಗಡಿಯ ಆಚೆ, ನಗರದ ಕ್ಷೇತ್ರದಲ್ಲೇ ಉಳಿದವು. ನೀವು ಮಾಡಿಸಿದ ಕ್ಷೇತ್ರದಲ್ಲಿ ನಿಮಗೇ ಓಟಿಲ್ಲ. ನನ್ನ ಹೇಳಿಕೆಗೆ ಸಹಿ ಹಾಕಿಸುವ ಮೊದಲು ಅಧಿಕಾರಿ ನಮ್ಮ ಬಾಗಿಲಲ್ಲೇ ನಿಂತು "ಮೇಲೆ ಹಳ್ಳವೇ ಗಡಿ ಅಂದ್ರೆ ಕೆಳಗೂ ಹಳ್ಳವೇ. ನಿಮ್ಮನೆಗೋಸ್ಕರ ಬಗ್ಗಿಸೋಕಾಗಲ್ಲ, ಯೋಚನೆ ಮಾಡಿ" ಎಂದಿದ್ದರು. ಆ ನಾಲ್ಕು ಮನೆಯವರನ್ನು ಕೇಳಿದೆ, ನಮಗೆ ಓಟಿಗೆ ಹಳ್ಳ ದಾಟುವ ಕಷ್ಟವಿಲ್ಲ ಬಿಡು ಎಂದರು. ಗೊತ್ತಿದ್ದೇ ಸಹಿ ಹಾಕಿದೆ. ಅತ್ತೆಗೆ ಹೇಳಲು ಮಾತ್ರ ಬಾಯಿ ಬರುತ್ತಿಲ್ಲ. ನೀವೇ ಅವರಿಗೊಂದು ಕಾಗದ ಬರೆಯಿರಿ, ನಿಮ್ಮ ಮಾತೆಂದರೆ ಕೇಳುತ್ತಾರೆ. ಅವರ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ, ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನೇ. ಹಾಗಾಗಿ ನನ್ನನ್ನು ಬೈಯುವುದಿದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ.