ಋತುಜಾನ ಆ್ಯಪಿನ ಮುಂದ ರೊಟ್ಟಿ ಬಡದಿದ್ದು

ನವನಗರ, ಹುಬ್ಬಳ್ಳಿ
ಬುಧವಾರ, ೧೨ ನವೆಂಬರ್ ೨೦೨೫

ನನ್ನ ಮುದ್ದಿನ ತಂಗಿ ನಾಗರತ್ನಾಗ ಅಕ್ಕನ ತುಂಬು ಆಶೀರ್ವಾದ.

ಫೋನ್ ಇರೂವಾಗ ಅಕ್ಕ ಪತ್ರ ಯಾಕ ಬರದಾಳಪ್ಪಾ ಅಂತ ಗಾಬರಿ ಆಗಬ್ಯಾಡ. ಎಲ್ಲಾರೂ ಆರಾಮ ಅದೀವಿ. ನೀ ಫೋನ್ ಎತ್ತಿದ್ರ ಸ್ಪೀಕರ್ ಹಚ್ಚೇ ಮಾತಾಡ್ತಿ, ಉಪ್ಪಿನಬೆಟಗೇರಿ ಅರ್ಧ ಊರಿಗೆ ನನ್ನ ಮಾತು ಕೇಳ್ತಾವ. ಇದು ನಮ್ಮಿಬ್ಬರ ನಡುವೆ ಇರಬೇಕಾದ್ದು. ಅದಕ್ಕ ಕುಂತು ಬರ್ಯಾಕತ್ತೇನಿ.

ಈ ಐತವಾರ ನನ್ನ ಸೊಸಿ ಋತುಜಾ ಮತ್ತ ನಿಮ್ಮ ಮನಿಗೆ ಬರ್ತಾಳ, ಅದೇ ಅಡಿಗಿ ಆ್ಯಪ್ ಹಿಡಕೊಂಡು. ಹೋದ ಸಲ ಬಂದಾಗ ನೀ ಏನು ಮಾಡಿದಿ ಅಂತ ನನಗ ಗೊತ್ತೈತಿ. ಫೋನ್ ಹಿಂದ ಮುಂದ ತಿರುವಿ ನೋಡಿದಿ, ಒಲಿ ಹಚ್ಚಲೇ ಇಲ್ಲ, ಭಾಳ ಛಲೋ ಐತಿ ನೋಡವಾ ಅಂತ ಹೇಳಿ ಉಡಿ ತುಂಬಿ ಕಳಿಸಿದಿ. ನಿಮ್ಮ ಓಣಿ ರತ್ನವ್ವನೂ ಹಂಗೇ ಅಂದಳಂತ. ಋತುಜಾ ಪಾಪ, ಅದನ್ನೆಲ್ಲಾ ಖರೇ ಅಂತ ತಿಳಕೊಂಡು ಬಂದಳು.

ನಿನಗ ಬೈಯೂದಿಲ್ಲ. ನಾನೂ ಅದನ್ನೇ ಮಾಡೇನಿ. ಅವ್ವ ನಮಗ ಕಲಿಸಿದ್ದೇ ಅದು ಅಲ್ಲೇನು? ಮಾಡಿದವರ ಎದುರಿಗೆ ಕೊಂಕು ತಗೀಬಾರದು, ತಾಟಿನ್ಯಾಗ ಬಿದ್ದಿದ್ದನ್ನ ಛಲೋ ಐತಿ ಅಂತ ಉಣಬೇಕು. ಅದರಾಗೂ ಸೊಸಿ ಮಾಡಿದ್ದಕ್ಕಂತೂ ಮಾತೇ ಇಲ್ಲ. ಋತುಜಾ ಬೆಳಗಾವಿಯಾಕಿ, ಸಾರಿಗೆ ಬೆಲ್ಲ ಹಾಕ್ತಾಳಂದ್ರ ಹಾಕ್ತಾಳ, ಪಾನಕಾನೇ ಸೈ. ಲಗ್ನ ಆಗಿ ವರ್ಷಾತು, ನಾನೂ ನನ್ನ ಮಗ ಅಮರೇಶನೂ ಛಲೋ ಆಗೈತಿ ಅನ್ಕೋತ ಉಣ್ಣಾಕತ್ತೇವಿ. ಮನ್ಯಾಗ ಒಂದು ಜಗಳ ಇಲ್ಲ. ಒಂದು ಮನಸ್ಸು ಬಿಚ್ಚಿದ ಮಾತೂ ಇರಲಿಲ್ಲ ಅನ್ನು. ಅಕಿ ಹೂಂರಿ ಅನ್ನೂದು, ನಾ ಹೂಂ ಅನ್ನೂದು, ದಿನಾ ಹಿಂಗೇ.

ಆ ಆ್ಯಪಿನ ಕಥಿ ಕೇಳು. ಆಫೀಸಿನ್ಯಾಗ ಅಕಿಗೆ ಒಪ್ಪಿಸಿದ ಮೊದಲನೇ ಸ್ವಂತ ಕೆಲಸ ಇದು. ಅಡಿಗಿ ಮಾಡೂವಾಗ ಕೈಗೆ ಹಿಟ್ಟು ಹತ್ತಿರ್ತೈತಿ, ಫೋನ್ ಮುಟ್ಟಾಕ ಆಗೂದಿಲ್ಲ. ಅದಕ್ಕ ಒಂದು ಯುಕ್ತಿ ತಗದಿದ್ದಳು. ಫೋನನ್ನ ಒಲಿ ಕಟ್ಟಿ ಮ್ಯಾಲೆ ಡಬ್ಬಿಗೆ ಆನಿಸಿ ಇಡಬೇಕು. ಆ ಕಟ್ಟಿ ಮ್ಯಾಲೆ ಕೈಲೆ ಒಂದು ಏಟು ಹಾಕಿದ್ರ ಸಾಕು, ಮುಂದಿನ ಪುಟ ಬರ್ತೈತಿ. ಶಿರಾ, ಉಪ್ಪಿಟ್ಟು, ಚಪಾತಿ ಎಲ್ಲಾ ಮಾಡಿ ನೋಡಿದ್ದಳು, ಚೊಕ್ಕ ನಡದಿತ್ತು. ಮೊನ್ನೆ ಸೋಮವಾರ ಸಾಹೇಬರಿಗೆ ತೋರಸೂದಿತ್ತು. ಮಾಡಿ ನೋಡಿದ ಹೆಣ್ಮಕ್ಕಳೆಲ್ಲಾ ಛಲೋ ಐತಿ ಅಂದಾರಂದ್ರ ಆ್ಯಪ್ ಸೀದಾ ಮಂದಿ ಫೋನಿಗೆ ಹೋಗ್ತಿತ್ತು.

ಹೋದ ವಾರ ನನಗೂ ಕೊಟ್ಟು, ಮಾಡಿ ನೋಡ್ರಿ ಅತ್ತಿ ಅಂದಳು. ಅಕಿ ಆಫೀಸಿಗೆ ಹೋದ ಮ್ಯಾಲೆ ನಾ ಜ್ವಾಳದ ರೊಟ್ಟಿ ಪುಟ ತಗದೆ. ಎಸರು ಹಾಕಿ ಹಿಟ್ಟು ನಾದೂತನಕಾ ಎಲ್ಲಾ ಬರೋಬ್ಬರಿ. ಅದೇ ಕಟ್ಟಿ ಮ್ಯಾಲೆ ರೊಟ್ಟಿ ಬಡ್ಯಾಕ ಸುರು ಮಾಡಿದೆ ನೋಡು, ಯವ್ವಾ ಯವ್ವಾ, ಒಂದೊಂದು ಏಟಿಗೆ ಒಂದೊಂದು ಪುಟ! ರೊಟ್ಟಿ ಇನ್ನೂ ಅಂಗೈಯಷ್ಟು ಆಗಿಲ್ಲ, ಫೋನಿನ್ಯಾಗ ಹಂಚಿಗೆ ಹಾಕಿ, ನೀರು ಸವರಿ, ಹೊಳ್ಳಿಸಿ, ಉಬ್ಬಿಸಿ, ಎಣ್ಣಿಗಾಯಿ ಜೋಡಿ ಬಡಿಸಿ, ಶಾಬ್ಬಾಸ್ ಅಂತ ಹೂವಿನ ಚಿತ್ರಾನೂ ಬಂತು. ನಕ್ಕು ನಕ್ಕು ಕಣ್ಣಾಗ ನೀರು ಬಂತು. ಆಮ್ಯಾಲೆ ಹುಡುಗಿ ನೆನಪಾತು. ನಮ್ಮ ಕಡೆ ರೊಟ್ಟಿ ಬಡಿಯದ ಮನಿ ಯಾವುದೈತಿ ಹೇಳು? ಮಂದಿ ನಗ್ತಾರ, ಮೊದಲನೇ ಕೆಲಸದಾಗೇ ಹುಡುಗಿ ಹೆಸರು ಕೆಡ್ತೈತಿ.

ಆದ್ರೂ ಸಂಜಿಮುಂದ ಅಕಿ ಬಂದು ಹೆಂಗಿತ್ರಿ ಅಂದಾಗ ನನ್ನ ಬಾಯಾಗಿಂದ ಬಂದದ್ದು ಅದೇ, ಭಾಳ ಛಲೋ ಐತಿ. ಅಕಿ ಮಾರಿ ಅರಳಿತು. ನನಗ ನನ್ನ ಮ್ಯಾಲೇ ಸಿಟ್ಟು ಬಂತು.

ಶನಿವಾರತನಕ ಒದ್ದಾಡಿದೆ. ಹೇಳಿದ್ರ ಅತ್ತಿ ಕೊಂಕು ತಗದಳು ಅಂತ ಮನಸ್ಸು ಮುರಕೋತಾಳ, ಹೇಳದಿದ್ರ ಊರ ಮಂದಿ ಮುಂದ ಮರ್ಯಾದಿ ಹೋಗ್ತೈತಿ. ಕಡೀಕ ಒಂದು ಹಂಚಿಕಿ ಹಾಕಿದೆ. ರಟ್ಟಿ ಭಾಳ ನೋಯಾಕತ್ತಾವ, ಇವತ್ತೊಂದಿನ ರೊಟ್ಟಿ ನೀನೇ ಮಾಡವಾ, ಹೆಂಗೂ ನಿನ್ನ ಆ್ಯಪ್ ಐತೆಲ್ಲಾ ಅಂದೆ. ರಟ್ಟಿ ಗಿಟ್ಟಿ ಏನೂ ನೋಯಾಕತ್ತಿರಲಿಲ್ಲ, ನಿನಗಷ್ಟೇ ಹೇಳಾಕತ್ತೇನಿ. ಅಕಿ ಹುಟ್ಟಿದಾಗಿಂದ ರೊಟ್ಟಿ ಬಡದಾಕಿ ಅಲ್ಲ, ಆದ್ರೂ ಓಡ್ನಿ ಸೊಂಟಕ್ಕ ಕಟ್ಟಿ ನಿಂತಳು. ಪಟ್ ಅಂತ ಒಂದು ಏಟು, ಪುಟ ಹಾರಿತು. ಹಿಂದಕ್ಕ ತರಬೇಕಂದ್ರ ಕೈತುಂಬ ಹಿಟ್ಟು, ಬಗ್ಗಿ ಮೂಗಿಲೆ ಒತ್ತಿ ತಂದಳು. ಮತ್ತ ಬಡದಳು, ಮತ್ತ ಹಾರಿತು. ಶಾಬ್ಬಾಸ್ ಬಂದಾಗ ಅಕಿ ಮುಂದ ಇದ್ದದ್ದು ಹರದು ಹೋದ ಹಿಟ್ಟಿನ ಮುದ್ದಿ.

ಅಕಿ ನಗಲಿಲ್ಲ. ಕೈಗೆ ಹತ್ತಿದ ಹಿಟ್ಟು ತಿಕ್ಕಿ ತಗದಳು. ಆಮ್ಯಾಲೆ ನನ್ನ ಕಡೆ ತಿರುಗಿ, ಅತ್ತಿ, ನಿಮಗೂ ಹಿಂಗೇ ಆಗಿತ್ತಲ್ರಿ ಅಂದಳು. ನಾ ತೆಲಿ ಬಗ್ಗಿಸಿದೆ. ಮತ್ತ ಛಲೋ ಐತಿ ಅಂತ ಯಾಕ ಅಂದ್ರಿ ಅಂತ ಕೇಳೂವಾಗ ಅಕಿ ಕಣ್ಣು ತುಂಬಿತ್ತು. ನಿನ್ನ ಮಾರಿ ಸಣ್ಣದಾಗಬಾರದು ಅಂತವಾ ಅಂದೆ. ಊರೆಲ್ಲಾ ನಕ್ಕಿದ್ರ ಎಷ್ಟು ಸಣ್ಣದಾಗ್ತಿತ್ರಿ ಅಂದಳು. ನಾ ಆ ಹಿಟ್ಟಿನ ಮುದ್ದಿ ನನ್ನ ಕಡೆ ಎಳಕೊಂಡೆ ನಾಗೂ.

ಅವತ್ತು ರೊಟ್ಟಿ ನಾ ಮಾಡಿದೆ, ಅಕಿ ಹಂಚಿನ ಮುಂದ ನಿಂತು ಒಂದೊಂದೇ ಕೇಳಿದಳು. ನಾನೂ ಒಂದೂ ಮುಚ್ಚಿಡಲಿಲ್ಲ. ಅಕ್ಷರ ಇರಿವಿ ಸಾಲು ಇದ್ದಂಗ ಅದಾವ ಅಂದೆ. ಸ್ವಲ್ಪ ಉಪ್ಪು ಅಂತ ಬರದಿದ್ದೀ, ಯಾರ ಕೈಯಾಗಿನ ಸ್ವಲ್ಪ ಅಂದೆ. ಎಣ್ಣಿ ಕಾಯೂದರಾಗ ಫೋನ್ ಕರ್ರಗಾಗಿ ಮಕ್ಕೊಂಡುಬಿಡ್ತೈತಿ ಅಂದೆ. ಸೋಮವಾರ ಸಾಹೇಬರ ಮುಂದ ತಾನೇ ಫೋನ್ ಇಟ್ಟು, ಮೇಜು ಬಡದು, ಇದು ರೊಟ್ಟಿಗೆ ನಡಿಯೂದಿಲ್ರಿ, ತಿದ್ದಾಕ ಟೈಮ್ ಕೊಡ್ರಿ ಅಂತ ಕೇಳಿದಳಂತ. ಅವರು ನಕ್ಕು, ಈಗರ ಗೊತ್ತಾತಲ್ಲಾ ಅಂತ ಟೈಮ್ ಕೊಟ್ಟಾರ. ಈಗ ಏಟು ತಗದು, ಮುಂದ ಅಂತ ಬಾಯಿಲೆ ಅಂದ್ರ ಪುಟ ಬರೂವಂಗ ಮಾಡ್ಯಾಳ. ಒಲಿ ಮುಂದ ನಿಂತು ಮುಂದ, ಮುಂದ ಅನ್ನೂವಾಗ ನಾ ಬಸ್ ಕಂಡಕ್ಟರ್ ಆದಂಗ ಅನಸ್ತೈತಿ.

ಅದಕ್ಕ ನಿನಗ ಕೈ ಮುಗೀತೇನಿ. ಐತವಾರ ಒಲಿ ಹಚ್ಚು, ಖರೇ ಖರೇ ರೊಟ್ಟಿ ಮಾಡು, ಎಲ್ಲಿ ತಡವರಿಸಿದಿ ಅಲ್ಲೇ ಬಾಯಿಬಿಟ್ಟು ಹೇಳು. ರತ್ನವ್ವಗೂ ಹೇಳಿಡು. ಅವ್ವ ಇದ್ದಿದ್ರ ಬೈತಿದ್ದಳೋ ಏನೋ, ಬೈಲಿ ಬಿಡು. ಉಡಿ ಮಾತ್ರ ಈ ಸಲಾನೂ ತುಂಬು.

ನಿನ್ನ ದಾರಿ ಕಾಯೂವ ಅಕ್ಕ,
ಯಶೋಧರಾ

ತಾ.ಕ.: ಪತ್ರ ಮಡಚಾಕತ್ತಿದ್ದೆ, ಋತುಜಾ ಬಂದು ಬಾಜೂಕ ಕುಂತಳು. ಅತ್ತಿ, ನನ್ನ ಸಾರೂ ವರ್ಷದಿಂದ ಭಾಳ ಛಲೋ ಐತಿ ಅಂತೀರೆಲ್ಲಾ, ಅದು ಖರೇ ಏನ್ರಿ ಅಂತ ಕೇಳಿದಳು. ಎದಿ ಗಟ್ಟಿ ಮಾಡಿ, ಬೆಲ್ಲ ಭಾಳಾಗತೈತಿ ಅಂದುಬಿಟ್ಟೆ. ಅಕಿ ಸುಮ್ನಿರ್ತಾಳೇನು? ನಿಮ್ಮ ಚಾ ನನಗ ಒಂದಿನಾನೂ ಸೇರಿಲ್ರಿ, ಕುದಿಸಿ ಕುದಿಸಿ ಕಷಾಯ ಮಾಡ್ತೀರಿ ಅಂದಳು. ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕಿವಿ. ಈಗ ಚಾ ಅಕಿನೇ ಮಾಡಿ ತಂದು ಕೊಟ್ಟಳು. ಛಲೋ ಆಗಿರಲಿಲ್ಲ. ಹಂಗಂತ ಅಕಿಗೇ ಹೇಳಿದೆ.