ಬೀಗ ಬಿದ್ದ ಗೇಟುಗಳ ಪಟ್ಟಿಯನ್ನು ಯಾರಾದರೂ ವಹಿಸಿಕೊಳ್ಳಿ

ಮಾನ್ಯ ಅಗ್ನಿಶಾಮಕ ಖರೀದಿ ಅಧಿಕಾರಿಗಳೇ,

ನೀವು ನಮ್ಮ ಕಂಪನಿಯನ್ನು ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ. ಮೂರು ವರ್ಷದಿಂದ 'ಪ್ರಾಯೋಗಿಕ ಬಳಕೆ' ಎಂಬ ಕೊಕ್ಕೆಗೆ ನೇತುಹಾಕಿದ್ದೀರಿ. ಕಾಲೇಜಿನಲ್ಲಿ ಕಲಿಸಿದಂತೆ 'ಟು ಹೂಮ್ ಸೋ ಎವರ್ ಇಟ್ ಮೇ ಕನ್ಸರ್ನ್' ಎಂದು ಹನ್ನೊಂದು ಅರ್ಜಿ ಬರೆದೆ. ಯಾರಿಗೂ ಕನ್ಸರ್ನ್ ಆದಂತೆ ಕಾಣಲಿಲ್ಲ. ಅದಕ್ಕೇ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕಂಪನಿ ಎಂದರೆ ಗಾಜಿನ ಕಟ್ಟಡ ಎಂದುಕೊಳ್ಳಬೇಡಿ. ಮನೆಯ ಮುಂದಿನ ಕೋಣೆ, ಎರಡು ಕಂಪ್ಯೂಟರು, ಸರ್ವೇ ಕಚೇರಿಯಿಂದ ನಿವೃತ್ತನಾದ ನಕ್ಷೆಗಾರ ನಾನು, ಪ್ರೋಗ್ರಾಂ ಬರೆಯುವ ನನ್ನ ಮಗಳು. ಐದು ವರ್ಷದ ಹಿಂದೆ, ಆಗ ನಾವಿದ್ದ ಮನೆಯ ಕೆಳಗಿನ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಮೇಲೆ ನನ್ನಾಕೆ ಒಬ್ಬಳೇ ಇದ್ದಳು. ನಿಮ್ಮ ಗಾಡಿ ಬೇಗನೇ ಬಂತು, ಸುಳ್ಳು ಹೇಳಬಾರದು. ಬಂದದ್ದು ಹಿಂದಿನ ಗೇಟಿಗೆ. ಗೇಟಿಗೆ ಬೀಗ, ಕೀಲಿ ಕಾವಲುಗಾರನ ಜೇಬಿನಲ್ಲಿ, ಕಾವಲುಗಾರ ಚಹಾದಂಗಡಿಯಲ್ಲಿ. ಗಾಡಿ ಸುತ್ತಿಕೊಂಡು ಮುಂದಕ್ಕೆ ಬರುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು. ಆ ರಸ್ತೆಯ ನಕ್ಷೆ ಬರೆದವನು ನಾನೇ. ನಕ್ಷೆಯಲ್ಲಿ ಬೀಗಕ್ಕೆ ಗುರುತಿಲ್ಲ ಎಂಬುದು ನೌಕರಿಯ ಮೂವತ್ತೊಂದು ವರ್ಷವೂ ನನಗೆ ಹೊಳೆದಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಹಿಡಿದು ಕೂರುತ್ತೇನೆ. ಶಾಲೆ, ಗೋದಾಮು, ಆಸ್ಪತ್ರೆಗಳ ಕಾವಲುಗಾರರಿಗೆಲ್ಲ ಅದೇ ಪ್ರಶ್ನೆ: ಇವತ್ತು ಯಾವ ಗೇಟು ತೆರೆದಿದೆ, ಕೀಲಿ ಯಾರ ಹತ್ತಿರ, ರಸ್ತೆ ಎಲ್ಲಿ ಅಗೆದಿದ್ದಾರೆ? ಗೋದಾಮಿನವನು ನನ್ನನ್ನು ಗೇಟ್ ತಾತ ಎನ್ನುತ್ತಾನೆ. "ತಾತಾ, ಗೇಟು ನಿನ್ನೆ ಇದ್ದಲ್ಲೇ ಇದೆ, ಯಾರೂ ಹೊತ್ಕೊಂಡು ಹೋಗಿಲ್ಲ. ನೀವು ತಿಂಡಿ ತಿಂದ್ರಾ?" ಮಗಳ ಪ್ರೋಗ್ರಾಂ ಅದನ್ನೆಲ್ಲ ಪಟ್ಟಿ ಮಾಡಿ ನಿಮ್ಮ ಹದಿನಾಲ್ಕು ಗಾಡಿಗಳ ಚಾಲಕರ ಮೊಬೈಲಿಗೆ ಮುಟ್ಟಿಸುತ್ತದೆ.

ಅದನ್ನು ಇಲಾಖೆಯೇ ತೆಗೆದುಕೊಳ್ಳಲಿ ಎಂದು ಕೇಳಲು ಹೋದಾಗ ನಿಮ್ಮ ಗುಮಾಸ್ತರು ಕಡತದಿಂದ ತಲೆ ಎತ್ತದೆ ಹೇಳಿದರು: "ಯಜಮಾನ್ರೇ, ಸುರಕ್ಷತಾ ಇಲಾಖೆಗೆ ಮೂರು ವರ್ಷ ಸೇವೆ ಕೊಟ್ಟ ಅನುಭವ ಪತ್ರ ಬೇಕು."

"ನಿಮಗೇ ಕೊಡ್ತಿದ್ದೀವಲ್ಲ ಸ್ವಾಮಿ, ಮೂರು ವರ್ಷದಿಂದ?"

"ಅದು ಪ್ರಯೋಗ. ಸೇವೆ ಅಲ್ಲ."

"ಹಾಗಾದ್ರೆ ನಿಲ್ಲಿಸಿಬಿಡ್ಲಾ?"

"ನಿಲ್ಲಿಸಿದ್ರೆ ಅಗತ್ಯ ಸೇವೆಗೆ ಅಡ್ಡಿ ಅಂತ ನೋಟಿಸ್ ಬರುತ್ತೆ."

ನಿಲ್ಲಿಸಲಾ ಎಂದು ಕೇಳಿದ್ದಕ್ಕೇ ಅದು ಬಂದೂ ಬಂತು, ಮೊಹರು ಸಮೇತ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಿಮ್ಮ ಇಲಾಖೆ ನಿಯಮಾವಳಿಗೆ ಯಾವಾಗ ಸೇರಿಸಿತು? ಸೇವೆಯೇ ಅಲ್ಲದ್ದು ನಿಲ್ಲಿಸಿದ ಕೂಡಲೇ ಅಗತ್ಯ ಸೇವೆಯಾಗುವುದು ಯಾವ ವಿಧಿಯ ಪ್ರಕಾರ?

ಈಗ ನನ್ನ ಹೃದಯದ ಕವಾಟ ಕೆಟ್ಟಿದೆ. ಎರಡು ಸಲ ಆಪರೇಷನ್ ಮುಂದಕ್ಕೆ ಹಾಕಿಸಿದ್ದೇನೆ. ಇನ್ನು ತಡಮಾಡಿದರೆ ತಾನು ಹೊಣೆಯಲ್ಲ ಎಂದಿದ್ದಾರೆ ಡಾಕ್ಟರಮ್ಮ. ಕಂಪನಿಯಲ್ಲಿರುವುದು ಇಬ್ಬರೇ. ಒಬ್ಬ ಮಂಚದ ಮೇಲೆ ಮಲಗಿದರೆ ಇನ್ನೊಬ್ಬಳು ಪಕ್ಕದಲ್ಲಿ ಕೂರಬೇಕು. "ಹತ್ತು ದಿನ ಮುಚ್ಚಿಬಿಡೋಣಪ್ಪ, ಇನ್ನೊಂದು ನೋಟಿಸ್ ಬಂದ್ರೆ ಬರ್ಲಿ," ಎನ್ನುತ್ತಾಳೆ ಮಗಳು. ನೋಟಿಸಿಗೆ ನಾನೂ ಹೆದರುವುದಿಲ್ಲ. ಹೆದರಿಕೆ ಬೇರೆಯದು.

ಹೋದ ತಿಂಗಳು ಜ್ವರ ಬಂದು ಒಂದು ಬೆಳಿಗ್ಗೆ ಫೋನ್ ಮಾಡಲಿಲ್ಲ. ಪಟ್ಟಿ ಹಿಂದಿನ ದಿನದ್ದೇ ಉಳಿಯಿತು. ನಿಮ್ಮ ಗಾಡಿ ಅದನ್ನು ನಂಬಿ ಶಾಲೆಯ ಮುಚ್ಚಿದ ಗೇಟಿಗೆ ಹೋಗಿ ನಿಂತಿತು. ಪುಣ್ಯಕ್ಕೆ ಬರೀ ಕಸದ ತೊಟ್ಟಿ ಹೊಗೆಯಾಡಿತ್ತು. ಚಾಲಕ ಫೋನ್ ಮಾಡಿ, "ಯಜಮಾನ್ರೇ, ಬೀಗ ಕತ್ತರಿಸೋ ದೊಡ್ಡ ಕತ್ತರಿ ಗಾಡೀಲಿಲ್ಲ. ನಿಮ್ಮನೆ ಬೆಂಕಿ ಆದ್ಮೇಲೆ ಕೊಟ್ಟಿದ್ರು, ನಿಮ್ಮ ಪಟ್ಟಿ ಬಂದ್ಮೇಲೆ ಭಾರ ಅಂತ ಇಳಿಸಿಬಿಟ್ರು," ಎಂದ. ಹೆಂಡತಿಯನ್ನು ಕೊಂದ ಗೇಟನ್ನು ಊರಿಗೆಲ್ಲ ಹಂಚಲು ಕಂಪನಿ ಕಟ್ಟಿದೆನೇ ನಾನು?

ಬರುವ ಸೋಮವಾರ ನನ್ನನ್ನು ದಾಖಲು ಮಾಡಿಕೊಳ್ಳುತ್ತಾರೆ. ಅಷ್ಟರೊಳಗೆ ನಿಮ್ಮ ನಿಯಂತ್ರಣ ಕೊಠಡಿಯಿಂದ ಒಬ್ಬರನ್ನು ಕಳಿಸಿ. ಎರಡು ದಿನದಲ್ಲಿ ಕಲಿಸಿಕೊಡುತ್ತೇನೆ. ಆಗದಿದ್ದರೆ ನಿಲ್ಲಿಸಿ ಎಂದು ಲಿಖಿತ ಆದೇಶ ಕೊಟ್ಟು, ಹದಿನಾಲ್ಕು ಗಾಡಿಗಳಿಗೂ ಕತ್ತರಿ ವಾಪಸ್ ಹಾಕಿಸಿ. ಎರಡೂ ಆಗದಿದ್ದರೆ ಸೋಮವಾರವೂ ಆರಕ್ಕೆ ನಾನು ಫೋನ್ ಮುಂದೆಯೇ ಕೂತಿರುತ್ತೇನೆ. ಇದು ಬೆದರಿಕೆಯಲ್ಲ ಸ್ವಾಮಿ. ನನಗೆ ಬೇರೆ ದಾರಿ ಕಾಣುತ್ತಿಲ್ಲ, ಮಗಳಿಗೆ ಇದನ್ನಿನ್ನೂ ಹೇಳಿಲ್ಲ.

ಇಂತಿ,
ಇಬ್ಬರ ಕಂಪನಿಯಲ್ಲಿ ಕಾಯಿಲೆ ಬೀಳಲು ಅನುಮತಿ ಸಿಗದ ಹಿರಿಯ ಪಾಲುದಾರ