ಕೌಂಟಿಯ ಒಂಬತ್ತು ಪಿಸ್ತೂಲುಗಳೂ ನನ್ನ ಮಣಿಕಟ್ಟಿನ ದೋಷವೂ

ಮಾನ್ಯ ಖರೀದಿ ಅಧಿಕಾರಿಗಳೇ,

ಕಳೆದ ಚಳಿಗಾಲದಲ್ಲಿ ತಾವು ನಮ್ಮ ಕೌಂಟಿಯ ನೌಕರರಿಗೆಂದು ಒಂಬತ್ತು ಪಿಸ್ತೂಲುಗಳನ್ನು ಕೊಂಡು ತಂದಿರಿ. ಅದರಲ್ಲಿ ಒಂದು ನನ್ನ ಪಾಲಿಗೆ ಬಂತು. ಅದು ಗುಂಡು ಹಾರಿಸುತ್ತಿರಲಿಲ್ಲ. ಹಾರಿಸುತ್ತಲೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ, ಮನಸ್ಸು ಬಂದಾಗ ಹಾರಿಸುತ್ತಿತ್ತು. ಈ ವಿಷಯವನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದು ತಿಳಿಸಿದೆ. ಮೂರನೆಯ ಪತ್ರಕ್ಕೆ ಉತ್ತರ ಬಂತು: ದೋಷ ಪಿಸ್ತೂಲಿನಲ್ಲಿಲ್ಲ, ನನ್ನ ಮಣಿಕಟ್ಟಿನಲ್ಲಿದೆ. ಆದ್ದರಿಂದ ಈ ನಾಲ್ಕನೆಯ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಊರಿನ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ಅಲ್ಲಾದರೆ ಯಾರಾದರೂ ಓದುತ್ತಾರೆ.

ನಾನು ಈ ಕೌಂಟಿಯ ನಾಯಿ ವಾರ್ಡನ್. ಹತ್ತೊಂಬತ್ತು ವರ್ಷದಿಂದ ದಕ್ಷಿಣ ಓಹಾಯೋದ ಈ ಗುಡ್ಡಗಳ ನಡುವೆ ದಿಕ್ಕಿಲ್ಲದ ನಾಯಿಗಳನ್ನು ಹಿಡಿಯುವುದು, ಕಚ್ಚಿದ ನಾಯಿಯ ಮಾಲೀಕರ ಬಾಗಿಲು ತಟ್ಟಿ ಬೈಸಿಕೊಳ್ಳುವುದು, ಹುಚ್ಚು ಹಿಡಿದ ರಕೂನನ್ನು ಯಾರದೋ ಹಿತ್ತಲ ಉಯ್ಯಾಲೆಯ ಕೆಳಗಿನಿಂದ ಹೊರಗೆಳೆಯುವುದು ನನ್ನ ಕೆಲಸ. ನನ್ನಷ್ಟೇ ತೂಕದ ಮ್ಯಾಸ್ಟಿಫ್ ನಾಯಿ ಹಗ್ಗದ ಆ ತುದಿಯಲ್ಲಿ ಎಳೆಯುತ್ತಿದ್ದಾಗ ಈ ತುದಿಯನ್ನು ಹಿಡಿದು ನಿಂತದ್ದು ಇದೇ ಮಣಿಕಟ್ಟು. ಆಗ ಯಾರಿಗೂ ಅದರಲ್ಲಿ ದೋಷ ಕಂಡಿರಲಿಲ್ಲ. ತಾವು ಪಿಸ್ತೂಲು ಕೊಂಡ ಮೇಲೆಯೇ ಕಂಡದ್ದು.

ಹದಿನೆಂಟು ವರ್ಷ ನನ್ನ ಸೊಂಟದಲ್ಲಿದ್ದದ್ದು ಬಣ್ಣ ಹೋದ ಹಳೆಯ ರಿವಾಲ್ವರ್. ಅದನ್ನು ಬಳಸಿದ್ದು ಎಲ್ಲ ಸೇರಿ ನಲವತ್ತು ಸಲವಿರಬಹುದು. ನಲವತ್ತು ಸಲವೂ ಅದು ಹೇಳಿದ ಮಾತು ಕೇಳಿತು. ತಾವು ಅದನ್ನು ಹಿಂದಕ್ಕೆ ಪಡೆದಿರಿ. ನ್ಯಾಯಾಲಯದ ನೆಲಮಾಳಿಗೆಯಲ್ಲಿ ಡೋನಟ್ಟು, ಕಾಫಿ ಇಟ್ಟು ಸಣ್ಣದೊಂದು ಸಮಾರಂಭ ಮಾಡಿ, "ಆಧುನೀಕರಣ" ಎಂಬ ಪದವನ್ನು ಐದು ಸಲ ಉಚ್ಚರಿಸಿ, ಹೊಸ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ಹಂಚಿದಿರಿ. ಒಂದೊಂದೂ ನಿಮ್ಮ ಕಚೇರಿಯ ಕಾಫಿ ಯಂತ್ರಕ್ಕಿಂತ ಅಗ್ಗವೆಂದು ನೀವೇ ಹೆಮ್ಮೆಯಿಂದ ಹೇಳಿದಿರಿ. ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಕೊಡುವ ಮುಂಚೆ ಅವುಗಳಿಂದ ಒಂದಾದರೂ ಗುಂಡು ಹಾರಿಸಿ ನೋಡಿದಿರಾ ಎಂದು ಆ ದಿನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು.

ಅಗ್ಗದ್ದೆಂಬ ಕಾರಣಕ್ಕೆ ನಾನು ಮೂಗು ಮುರಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಕಡೆ ದುಬಾರಿ ಪಿಸ್ತೂಲು ಕೊಳ್ಳುವವರು ಯಾರಿದ್ದಾರೆ? ಹೆದ್ದಾರಿಯ ಹೋಟೆಲಿನಲ್ಲಿ ಬಡಿಸುವ ಹೆಂಗಸು, ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವ ಆಯಾ, ಕುಡುಕ ಗಂಡನನ್ನು ಬಿಟ್ಟು ಟ್ರೇಲರ್ ಮನೆಗೆ ಬಂದು ಒಬ್ಬಳೇ ಇರುವವಳು, ಇವರೆಲ್ಲ ಗಿರವಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೆಳಗಿನ ಸಾಲನ್ನು ನೋಡಿ ಕೊಳ್ಳುವವರು. ಕೆಳಗಿನ ಸಾಲಿನ ಪಿಸ್ತೂಲು ನೋಡಲು ಇಟ್ಟಿಗೆಯಂತಿರಬಹುದು, ಇಟ್ಟಿಗೆಯಷ್ಟೇ ಭಾರವಿರಬಹುದು. ಟ್ರಿಗರ್ ಎಳೆಯುವಾಗ ತುಕ್ಕು ಹಿಡಿದ ಗೇಟು ತೆರೆದಂತಾಗಬಹುದು. ಅದನ್ನೆಲ್ಲ ಸಹಿಸಬಹುದು. ಕೈಗೆತ್ತಿಕೊಂಡ ದಿನ ಅದು ಕೆಲಸ ಮಾಡಿದರೆ ಸಾಕು. ಅಗ್ಗಕ್ಕೆ ಕೊಂಡವರಿಗೆ ಅಷ್ಟೂ ಕೇಳುವ ಹಕ್ಕಿಲ್ಲವೇ?

ಈಗ ಅಕ್ಟೋಬರ್ ತಿಂಗಳ ಒಂದು ಭಾನುವಾರದ ಬೆಳಗಿನ ವಿಷಯ ಹೇಳುತ್ತೇನೆ. ನನ್ನ ಮೊದಲ ಪತ್ರದಲ್ಲೂ ಇದನ್ನು ಬರೆದಿದ್ದೆ. ತಾವು ಓದಿದ ಲಕ್ಷಣ ಕಾಣಲಿಲ್ಲ.

ಇಮೊಜೀನ್ ಸ್ಟಾಂಪರ್ ಎಂಬಾಕೆ ಚರ್ಚಿಗೆ ಹೊರಟಿದ್ದರು. ವಯಸ್ಸು ಎಪ್ಪತ್ತೆಂಟು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹಳ್ಳದ ಪಕ್ಕದ ರಸ್ತೆಯಲ್ಲಿ ಹೆಣ್ಣು ಜಿಂಕೆಯೊಂದು ಅವರ ಕಾರಿಗೆ ಅಡ್ಡ ಬಂತು. ಕಾರಿನ ದೀಪ ಒಡೆಯಿತು, ಜಿಂಕೆಯ ಬೆನ್ನು ಮುರಿಯಿತು. ಶೆರಿಫ್ ಕಚೇರಿಯ ಪೊಲೀಸರು ಕೌಂಟಿಯ ಆ ಕೊನೆಯಲ್ಲಿದ್ದರು. ನಾನು ಹತ್ತಿರದಲ್ಲಿದ್ದುದರಿಂದ ಅದರ ನರಳಾಟ ಮುಗಿಸಲು ನನ್ನನ್ನು ಕಳಿಸಿದರು.

ನಾನು ಹೋದಾಗ ಇಮೊಜೀನ್ ಅವರು ಚರ್ಚಿನ ಊಟಕ್ಕೆಂದು ಮಾಡಿಕೊಂಡಿದ್ದ ಬೀನ್ಸ್ ಪಾತ್ರೆಯನ್ನು ಕಾರಿನ ಮೇಲಿಟ್ಟು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಜಿಂಕೆ ಮುಂಗಾಲುಗಳನ್ನು ಊರಿ ಏಳಲು ನೋಡುತ್ತಿತ್ತು, ಹಿಂಭಾಗ ಏಳುತ್ತಿರಲಿಲ್ಲ. ಅವರನ್ನು ಆ ಕಡೆ ತಿರುಗಿ ನಿಲ್ಲಲು ಹೇಳಿ ಪಿಸ್ತೂಲು ತೆಗೆದು ಗುರಿಯಿಟ್ಟು ಟ್ರಿಗರ್ ಎಳೆದೆ. ಟಕ್ ಎಂದಿತು, ಅಷ್ಟೇ. ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ಆ ಗುಂಡನ್ನು ಬೀಳಿಸಿ ಮತ್ತೆ ಎಳೆದೆ. ಈ ಸಲ ಹಾರಿತು. ಆದರೆ ಅದೇ ಹೊತ್ತಿಗೆ ಜಿಂಕೆ ತಲೆ ಎತ್ತಿದ್ದರಿಂದ ಗುಂಡು ತಲೆಗೆ ಬೀಳದೆ ಕುತ್ತಿಗೆಯ ಬುಡಕ್ಕೆ ತಾಗಿತು. ಮೂರನೆಯ ಸಲ ಎಳೆಯಲು ಹೋದರೆ ಖಾಲಿ ತೋಟೆ ಹೊರಬೀಳದೆ ಬಾಯಲ್ಲೇ ಸಿಕ್ಕಿಕೊಂಡಿತ್ತು, ಅದರ ಹಿಂದೆ ಹೊಸ ಗುಂಡು ಬಂದು ಒತ್ತಿಕೊಂಡಿತ್ತು. ಉಗುರು ಹಾಕಿ ಕಿತ್ತೆ. ಬರಲಿಲ್ಲ. ಮೊಣಕಾಲೂರಿ ಕೂತು ಕಿತ್ತೆ. ನನ್ನ ಕೈಗೆ ರಕ್ತ ಬಂತು.

ಜಿಂಕೆ ಕೂಗಿಕೊಳ್ಳುವುದನ್ನು ತಾವು ಕೇಳಿದ್ದೀರಾ? ಸಾಮಾನ್ಯವಾಗಿ ಅವು ಕೂಗುವುದಿಲ್ಲ. ಅದು ಕೂಗಿತು.

ಇಮೊಜೀನ್ ಅವರು ತಿರುಗಿ ನೋಡಿದರು. ಕಾರಿನ ಬಾಗಿಲು ತೆಗೆದು ತಮ್ಮ ಕೈಚೀಲದಿಂದ ಒಂದು ಪಿಸ್ತೂಲು ತಂದರು. ಗಿರವಿ ಅಂಗಡಿಯದು. ನನ್ನದಕ್ಕಿಂತ ಹಳೆಯದು, ನನ್ನದಕ್ಕಿಂತ ಅಗ್ಗದ್ದು, ಹಿಡಿಯ ಒಂದು ಬದಿಗೆ ಟೇಪು ಸುತ್ತಿತ್ತು.

"ಪಕ್ಕಕ್ಕೆ ಸರಿ ಕಣಮ್ಮ" ಎಂದರು.

ಅವರಿಂದ ಮಾಡಿಸುವುದು ಸರಿಯಲ್ಲವೆಂದು ನಾನೇ ಇಸಿದುಕೊಂಡು ಮುಗಿಸಿದೆ. ಒಂದೇ ಗುಂಡು. ಆಮೇಲೆ ಅವರದನ್ನು ಅವರ ಕೈಗೆ ಹಿಂದಿರುಗಿಸಿದೆ. ನನಗೆ ಜಿಂಕೆಯ ಮುಖ ನೋಡಲು ಆಗಲಿಲ್ಲ, ಆಕೆಯ ಮುಖ ನೋಡಲೂ ಆಗಲಿಲ್ಲ.

"ಇದನ್ನ ಕೊಂಡ ಮೇಲೆ ಎಷ್ಟು ಗುಂಡು ಹಾರಿಸಿ ನೋಡ್ದೆ?" ಎಂದು ನನ್ನ ಪಿಸ್ತೂಲು ತೋರಿಸಿ ಕೇಳಿದರು.

ಕೌಂಟಿ ಒಬ್ಬೊಬ್ಬರಿಗೆ ಇಪ್ಪತ್ತು ಗುಂಡು ಕೊಟ್ಟಿತ್ತು, ಹತ್ತು ಅಭ್ಯಾಸಕ್ಕೆ, ಹತ್ತು ಸೊಂಟಕ್ಕೆ ಎಂದೆ.

"ಹತ್ತಾ? ನಂದಕ್ಕೆ ಮುನ್ನೂರು ಹಾರಿಸಿದೀನಿ. ಮೊದಲ ನೂರಕ್ಕೆ ಹೊಸ ಸೊಸೆ ಥರ ಮುನಿಸ್ಕೊಂತಿತ್ತು. ಯಾವ ಗುಂಡು ತಿನ್ನತ್ತೆ, ಯಾವುದು ಉಗಿಯತ್ತೆ ಅಂತ ನೋಡ್ಕೊಂಡೆ. ಆಮೇಲೇ ಚೀಲದಲ್ಲಿ ಇಟ್ಕೊಂಡಿದ್ದು. ಹಾರಿಸದೇ ಇರೋ ಪಿಸ್ತೂಲು ಚೀಲದಲ್ಲಿದ್ರೇನು, ಅಂಗಡೀಲಿದ್ರೇನು?"

ಅಧಿಕಾರಿಗಳೇ, ಶಸ್ತ್ರಾಸ್ತ್ರ ಖರೀದಿಯ ಬಗ್ಗೆ ಈ ಕೌಂಟಿಯಲ್ಲಿ ನಾನು ಕೇಳಿದ ಅತ್ಯಂತ ತಜ್ಞ ಅಭಿಪ್ರಾಯ ಅದು. ಕೊಟ್ಟವರು ಮಕ್ಕಳಿಗೆ ಬೀನ್ಸು, ಜೋಳದ ರೊಟ್ಟಿ ಬಡಿಸುತ್ತಿದ್ದವರು.

ಮರುದಿನವೇ ವರದಿ ಬರೆದು ಕಳಿಸಿದೆ. ಉತ್ತರವಿಲ್ಲ. ಇನ್ನೊಂದು ಬರೆದೆ. ಉತ್ತರವಿಲ್ಲ. ಮೂರನೆಯದಕ್ಕೆ ತಮ್ಮ ಕಚೇರಿಯಿಂದ ಒಂದು ಲಕೋಟೆಯೂ ಒಂದು ಸಣ್ಣ ಪೊಟ್ಟಣವೂ ಬಂದವು. ಲಕೋಟೆಯಲ್ಲಿ ತಯಾರಕರ ಅಭಿಪ್ರಾಯದ ಪ್ರತಿ: ಹಿಡಿದವರ ಮಣಿಕಟ್ಟು ಸಡಿಲವಿದ್ದರೆ, "ವಿಶೇಷವಾಗಿ ಮಹಿಳೆಯರಲ್ಲಿ", ಪಿಸ್ತೂಲಿಗೆ ಸರಿಯಾದ ಆಸರೆ ಸಿಗದೆ ಖಾಲಿ ತೋಟೆ ಹೊರಬೀಳದಿರಬಹುದು. ಪೊಟ್ಟಣದಲ್ಲಿ ಒಂದು ರಬ್ಬರ್ ಚೆಂಡು. ದಿನಕ್ಕೆ ಎರಡು ಹೊತ್ತು ಹಿಸುಕತಕ್ಕದ್ದು.

ಮಣಿಕಟ್ಟು ಸಡಿಲವಿದ್ದರೆ ಹಾಗಾಗುವುದು ಸುಳ್ಳಲ್ಲ. ನನಗೂ ಗೊತ್ತು. ಆದರೆ ಮೊದಲ ಸಲ ಟಕ್ ಎಂದು ಸುಮ್ಮನಾದ ಗುಂಡಿಗೂ ನನ್ನ ಮಣಿಕಟ್ಟಿಗೂ ಏನು ಸಂಬಂಧ? ಹಾರದ ಗುಂಡು ಕೈಯನ್ನು ಹೇಗೆ ಅಲುಗಿಸಿತು?

ಇರಲಿ ಎಂದು ಚೆಂಡನ್ನೂ ಪಿಸ್ತೂಲನ್ನೂ ತೆಗೆದುಕೊಂಡು ಆರಿನ್ ಕೆಗ್ಲಿಯ ಬಳಿ ಹೋದೆ. ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಬಂದೂಕು ರಿಪೇರಿ ಮಾಡುವವನು ಅವನು. ಪತ್ರ ಓದಿ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ. ಆಮೇಲೆ ಹೈಸ್ಕೂಲಿನ ಕುಸ್ತಿ ತರಬೇತುದಾರನಿಗೆ ಫೋನು ಮಾಡಿದ. ಆ ಮನುಷ್ಯನ ಮಣಿಕಟ್ಟು ನನ್ನ ಕಾಲಿನ ಮೀನಖಂಡದಷ್ಟಿದೆ. ಊರ ಹೊರಗಿನ ಕ್ವಾರಿಯಲ್ಲಿ ಅವನು ಇಪ್ಪತ್ತು ಗುಂಡು ಹಾರಿಸಿದ. ಪಿಸ್ತೂಲು ಐದು ಸಲ ಕೈಕೊಟ್ಟಿತು.

ಆರಿನ್ ಗಂಭೀರವಾಗಿ ಅವನ ಕೈಗೆ ರಬ್ಬರ್ ಚೆಂಡು ಕೊಟ್ಟ. "ತಗೋ, ದಿನಕ್ಕೆರಡು ಹೊತ್ತು. ಕೌಂಟಿ ಆರ್ಡರು" ಎಂದ.

ಬಳಿಕ ಅಂಗಡಿಗೆ ಬಂದು ಬಿಚ್ಚಿ ನೋಡಿದ. ಗುಂಡುಗಳನ್ನು ಹಿಡಿದಿಡುವ ಮ್ಯಾಗಜಿನ್‌ನ ತುಟಿಗಳು ಒಂದು ಕಡೆ ಬಾಗಿದ್ದವು, ಖಾಲಿ ತೋಟೆಯನ್ನು ಎಳೆದು ಹಾಕುವ ಕೊಕ್ಕೆಯ ಸ್ಪ್ರಿಂಗು ಸೊರಗಿತ್ತು. ಟಕ್ ಎಂದು ಸುಮ್ಮನಾದದ್ದು ತಾವು ಒಟ್ಟಿಗೆ ಕೊಂಡ ಅಗ್ಗದ ಗುಂಡಿನ ದೋಷ. ಪಿಸ್ತೂಲಿನ ಉಳಿದ ಭಾಗ ಕೆಟ್ಟದ್ದಲ್ಲವೆಂದೇ ಅವನು ಹೇಳಿದ. ನಳಿಗೆ ನೆಟ್ಟಗಿದೆ, ಉಕ್ಕು ಗಟ್ಟಿಯಿದೆ, ಮಾಡಿದವರು ಕೊನೆಯ ಅರ್ಧ ಗಂಟೆ ಉಳಿಸಿದ್ದಾರೆ, ಅಷ್ಟೇ. ಇಕ್ಕುಳ ಹಿಡಿದು ತುಟಿ ನೆಟ್ಟಗೆ ಮಾಡಿದ, ಸ್ಪ್ರಿಂಗು ಬದಲಿಸಿದ, ಬೇರೆ ಕಂಪನಿಯ ಗುಂಡು ಹಾಕಿದ. ನಾನು ಇದೇ ಮಣಿಕಟ್ಟಿನಿಂದ ಇನ್ನೂರು ಗುಂಡು ಹಾರಿಸಿದೆ. ಒಂದೂ ತಪ್ಪಲಿಲ್ಲ.

ಇದನ್ನು ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳ ತಿಂಗಳ ಸಭೆಯಲ್ಲಿ ಹೇಳಿದೆ. ಮೂರು ನಿಮಿಷ ಕೊಟ್ಟಿದ್ದರು. ಉಳಿದ ಎಂಟನ್ನೂ ಹೀಗೆಯೇ ಸರಿಮಾಡಿಸಿ ಎಂದು ಕೇಳಿಕೊಂಡೆ. ತಾವು ಎದ್ದು ನಿಂತು, ಈ ಪಿಸ್ತೂಲುಗಳಿಗೆ ಜೀವಮಾನದ ಗ್ಯಾರಂಟಿ ಇದೆ, ಕೆಟ್ಟರೆ ತಯಾರಕರು ಆರು ವಾರದೊಳಗೆ ಹೊಸದು ಕಳಿಸುತ್ತಾರೆ ಎಂದಿರಿ. ಯಾರ ಜೀವಮಾನ ಎಂದು ತಾವು ಹೇಳಲಿಲ್ಲ. ಕೆಡುವುದು ಟ್ರಿಗರ್ ಎಳೆದಾಗ ತಾನೇ ಗೊತ್ತಾಗುವುದು? ಎದುರಿಗಿರುವವನು ಆರು ವಾರ ಕಾಯುತ್ತಾನೆಯೇ? ಈ ದೇಶದಲ್ಲಿ ಆಟದ ಗೊಂಬೆಯ ಕಣ್ಣು ಕಿತ್ತುಬಂದರೆ ಸರ್ಕಾರದ ಗ್ರಾಹಕ ಸುರಕ್ಷತಾ ಕಚೇರಿ ಅಂಗಡಿಗಳಿಂದ ಗೊಂಬೆಗಳನ್ನೆಲ್ಲ ವಾಪಸು ತರಿಸುತ್ತದೆ. ಪಿಸ್ತೂಲಿನ ವಿಷಯದಲ್ಲಿ ಅದೇ ಕಚೇರಿಗೆ ಆ ಅಧಿಕಾರವೇ ಇಲ್ಲ. ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು ಕೊಳ್ಳುವವರ ಎಚ್ಚರವೊಂದೇ. ಕೊಳ್ಳುವವರು ತಾವು.

ಸಭೆಯಾದ ಒಂಬತ್ತನೆಯ ದಿನ ನನಗೆ ಲಿಖಿತ ಎಚ್ಚರಿಕೆ ಬಂತು. ಕೌಂಟಿಯ ಆಸ್ತಿಯನ್ನು ಅನಧಿಕೃತ ವ್ಯಕ್ತಿಯಿಂದ ತಿದ್ದಿಸಿದ್ದು ನನ್ನ ಅಪರಾಧ. ತಿದ್ದಿದ ಪಿಸ್ತೂಲು, ಎಂದರೆ ಈ ಕೌಂಟಿ ಕೊಂಡವುಗಳಲ್ಲಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಪಿಸ್ತೂಲು, ಜಪ್ತಿಯಾಯಿತು. ಬದಲಿಗೆ ಒಂಬತ್ತು ಕೊಂಡದ್ದಕ್ಕೆ ಉಚಿತವಾಗಿ ಬಂದಿದ್ದ ಹತ್ತನೆಯದನ್ನು ರಟ್ಟಿನ ಪೆಟ್ಟಿಗೆ ಸಮೇತ ಕೊಟ್ಟಿರಿ. ಪೆಟ್ಟಿಗೆಯ ಮೊಹರು ಕೂಡ ಒಡೆದಿರಲಿಲ್ಲ. ಮನೆಗೆ ತಂದು ನೋಡಿದೆ. ಮ್ಯಾಗಜಿನ್‌ನ ತುಟಿ ಅದೇ ಕಡೆಗೆ ಬಾಗಿದೆ.

ನನ್ನದು ಬಿಡಿ. ನಾನು ನಾಯಿ, ರಕೂನುಗಳ ನಡುವೆ ಇರುವವಳು, ಓಡಿ ವ್ಯಾನಿನ ಬಾಗಿಲು ಹಾಕಿಕೊಳ್ಳಬಲ್ಲೆ. ಹಾರ್ಲನ್ ಪ್ರೂಯಿಟ್ ಎಲ್ಲಿಗೆ ಓಡಬೇಕು? ಅವನು ನ್ಯಾಯಾಲಯದ ಎರಡನೆಯ ಮಹಡಿಯಲ್ಲಿ, ವಿಚ್ಛೇದನ ಮತ್ತು ಮಕ್ಕಳು ಯಾರ ಬಳಿ ಇರಬೇಕೆಂಬ ವ್ಯಾಜ್ಯಗಳು ನಡೆಯುವ ಕೋಣೆಯ ಬಾಗಿಲಲ್ಲಿ ನಿಲ್ಲುವ ಕಾವಲಿನವನು. ವಯಸ್ಸು ಅರವತ್ತೊಂದು. ತಾವು ಕೊಟ್ಟ ಒಂಬತ್ತರಲ್ಲಿ ಇನ್ನೊಂದು ಅವನ ಸೊಂಟದಲ್ಲಿದೆ. ವಸಂತದ ಗುರಿ ಪರೀಕ್ಷೆಯಲ್ಲಿ ಅದು ಹತ್ತಕ್ಕೆ ನಾಲ್ಕು ಸಲ ಸಿಕ್ಕಿಕೊಂಡಿತು. ತಮ್ಮ ಕಚೇರಿಯ ಕಾಗದದಲ್ಲಿ "ತೃಪ್ತಿಕರ" ಎಂದಿದೆ. ಸ್ವಂತದ್ದನ್ನು ತರುತ್ತೇನೆಂದು ಕೇಳಿದ, ನಿಯಮವಿಲ್ಲ ಎಂದಿರಿ. ಪಿಂಚಣಿಗೆ ಹನ್ನೊಂದು ತಿಂಗಳಿದೆಯೆಂದು ಅವನು ಬಾಯಿ ಮುಚ್ಚಿಕೊಂಡ.

ಇದನ್ನು ಪತ್ರಿಕೆಗೆ ಬರೆದರೆ ಅವನಿಗೆ ಅಪಾಯವಲ್ಲವೇ ಎಂಬ ಯೋಚನೆ ನನಗೆ ಎರಡು ವಾರ ಇತ್ತು. ವ್ಯಾಜ್ಯ ಸೋತು ಸೇಡಿಗೆ ಹೊಂಚುವವನೊಬ್ಬ ಇದನ್ನು ಓದಿದರೆ? ಕೊನೆಗೆ ಅವನನ್ನೇ ಕೇಳಿದೆ. ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ಚು ತಿನ್ನುತ್ತಿದ್ದ. ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದ.

"ಬರಿ ಡೆಲ್ಫಾ" ಎಂದ ಆಮೇಲೆ. "ಗುರಿ ಪರೀಕ್ಷೆ ದಿನ ಬೇಲಿ ಆಚೆ ಅರ್ಧ ಊರು ನಿಂತು ನೋಡ್ತಿತ್ತು. ಗೊತ್ತಿಲ್ಲದೇ ಇರೋದು ಆ ಆಫೀಸಿನವರಿಗೆ ಮಾತ್ರ. ಪ್ರತಿ ಸೋಮವಾರ ಮೆಟ್ಲು ಹತ್ತೋವಾಗ ನನ್ನ ಹೆಂಡ್ತಿಗೆ ಏನು ಹೇಳಿ ಬಂದೆ ಅಂತ ನೆನಪು ಮಾಡ್ಕೋತೀನಿ. ಹೆಸರು ಹಾಕೇ ಬರಿ."

ಹಾಗಾಗಿ ಹೆಸರು ಹಾಕಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ದುಬಾರಿಯದನ್ನು ಕೊಳ್ಳಿ ಎಂದು ಕೇಳುತ್ತಿಲ್ಲ. ಇರುವುದನ್ನೇ ಆರಿನ್ ಕೆಗ್ಲಿಯ ಮೇಜಿಗೆ ಕಳಿಸಿ, ಅವನಿಗೆ ಅಧಿಕಾರವಿಲ್ಲವಾದರೆ ಒಂದು ಚೀಟಿ ಬರೆದು ಅಧಿಕಾರ ಕೊಡಿ. ಸರಿಯಾದ ಮೇಲೆ, ಸೊಂಟಕ್ಕೆ ಹಾಕಿಕೊಳ್ಳುವ ಅದೇ ಗುಂಡಿನಿಂದ, ಒಂದೊಂದನ್ನೂ ಇನ್ನೂರು ಸಲ ಹಾರಿಸಿ ನೋಡಿ ನಮಗೆ ಕೊಡಿ. ಹಾರಿಸುವಾಗ ತಾವು ಅಲ್ಲಿ ನಿಂತಿರಬೇಕು. ನನ್ನ ಕಡತದಲ್ಲಿರುವ ಎಚ್ಚರಿಕೆಯನ್ನು ತೆಗೆದರೆ ಸಂತೋಷ, ತೆಗೆಯದಿದ್ದರೂ ಸರಿಯೇ. ಆದರೆ ಮೊದಲು ಸರಿಮಾಡಿಸಬೇಕಾದದ್ದು ಹಾರ್ಲನ್‌ನದು, ಅದೂ ಈ ವಾರ.

ಬರುವ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆ ಕೋಣೆಯ ಬಾಗಿಲು ತೆರೆಯುತ್ತದೆ. ಆ ದಿನ ಹನ್ನೆರಡು ವ್ಯಾಜ್ಯಗಳಿವೆ ಎಂದು ಸೂಚನಾ ಫಲಕದಲ್ಲಿದೆ. ಅಷ್ಟರೊಳಗೆ ಆಗದಿದ್ದರೆ ತಾವೇ ಬಂದು, ಬರಿಗೈಯಲ್ಲಾದರೂ ಸರಿ, ಹನ್ನೆರಡೂ ಮುಗಿಯುವವರೆಗೆ ಅವನ ಪಕ್ಕದಲ್ಲಿ ನಿಂತುಕೊಳ್ಳಿ. ಅವನಿಗಿಂತ ತಮಗೇನೂ ಹೆಚ್ಚು ಅಪಾಯವಿರುವುದಿಲ್ಲ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗಾದರೂ ತಮ್ಮ ಅಧೀನ ನೌಕರಳಾಗಿರುವ,
ಡೆಲ್ಫಾ ರಿಗ್ಸ್‌ಬಿ
ನಾಯಿ ವಾರ್ಡನ್